ವಾಸಿಯಾಗದ ಕಾಯಿಲೆಗೆ ‘ಅರಿಕೆಮಾಡದ ಪಾಪ’ ಕಾರಣವೇ? ಪ್ರಾರ್ಥನೆ, ಪಾಪನಿವೇದನೆ ಮತ್ತು ಸ್ವಸ್ಥತೆ ಕುರಿತು ಚರ್ಚೆ

ಹೇಮಾವತಿ ತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ವಂದನೆಗಳು. ನನ್ನ ಅಕ್ಕನಿಗೆ ಕೆಲವು ವರ್ಷಗಳಿಂದ ಕೀಲುಗಳ ಊತ ಮತ್ತು ನೋವು ಇದೆ. ವೈದ್ಯರು ಅದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗುರುತಿಸಿ ಔಷಧ ಕೊಡುತ್ತಿದ್ದಾರೆ. ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಗೆ ಸೇರಿದ ಮನೆತನ, ಭಾವನವರು ಕಥೋಲಿಕರು. ಅವರ ಮನೆಯಲ್ಲಿ ಸಂಜೆಯ ಹೊತ್ತು ಜಪಸರವೂ ನಡೆಯುತ್ತದೆ, ನಮ್ಮ ಕೀರ್ತನೆಗಳೂ ಕೇಳಿಸುತ್ತವೆ. ಇದರಿಂದ ಈವರೆಗೆ ಯಾವ ತೊಡಕೂ ಬಂದಿರಲಿಲ್ಲ.

ಪರಿಚಿತರೊಬ್ಬರು ಕರೆದರೆಂದು ಅಕ್ಕ ಒಂದು ಸ್ವಸ್ಥತೆಯ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದಳು. ಆರಂಭದಲ್ಲಿ ಅಲ್ಲಿ ಅವಳಿಗೆ ನಿಜವಾಗಿಯೂ ಸಮಾಧಾನ ಸಿಕ್ಕಿತು. ಆದರೆ ನೋವು ಹಾಗೆಯೇ ಉಳಿದಾಗ, ಕೂಟ ನಡೆಸುವವರು ಎಲ್ಲರ ಎದುರಿನಲ್ಲಿ, “ನಿನ್ನಲ್ಲಿ ಅರಿಕೆಮಾಡದ ಯಾವುದೋ ಪಾಪವಿದೆ, ಅದು ಹೊರಬರುವ ತನಕ ಸ್ವಸ್ಥತೆ ಬಾರದು” ಎಂದರಂತೆ. ಅಂದಿನಿಂದ ಅವಳು ರಾತ್ರಿಯೆಲ್ಲ ಎದ್ದು ಕುಳಿತು ಬಾಲ್ಯದಿಂದ ಇಂದಿನವರೆಗಿನ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾಳೆ. ಬರೆದಷ್ಟೂ ಇನ್ನೇನೋ ಉಳಿದಿದೆ ಎಂಬ ಭಯ. ಔಷಧ ತೆಗೆದುಕೊಳ್ಳುವುದೂ ಅವಿಶ್ವಾಸದ ಗುರುತೇನೋ ಎಂದು ಈಗ ಕೇಳುತ್ತಿದ್ದಾಳೆ.

ಪ್ರಾರ್ಥನೆಯಲ್ಲಿಯೂ ಪಾಪದ ಅರಿಕೆಯಲ್ಲಿಯೂ ನನಗೆ ಪೂರ್ಣ ನಂಬಿಕೆಯಿದೆ. ಆ ನಂಬಿಕೆಯಿಂದಲೇ ಕೇಳುತ್ತಿದ್ದೇನೆ: ರೋಗಕ್ಕೂ ಪಾಪಕ್ಕೂ ಇರುವ ಸಂಬಂಧವನ್ನು ಸತ್ಯವೇದ ಹೇಗೆ ಕಾಣುತ್ತದೆ? ಸ್ವಸ್ಥತೆಯಲ್ಲಿ ಅರಿಕೆಗೆ ಇರುವ ಸ್ಥಾನವೇನು? ಅದನ್ನು ಯಾರ ಮುಂದೆ, ಹೇಗೆ ಮಾಡಬೇಕು? ಬೇರೆ ಬೇರೆ ಸಭೆಗಳವರು ತಿಳಿಸಿಕೊಡಬೇಕೆಂದು ವಿನಂತಿ.

ಸಭಾಪಾಲಕ, ಧಾರವಾಡ

ಸಹೋದರರೇ, ನಿಮ್ಮ ಅಕ್ಕನವರಿಗೆ ಆಗಿರುವ ನೋವನ್ನು ಓದಿ ವ್ಯಥೆಯಾಯಿತು. ಇಂತಹ ಕೂಟಗಳಲ್ಲಿ ಸಾಮಾನ್ಯವಾಗಿ ಆಧಾರವಾಗಿ ಹಿಡಿಯುವುದು ಯಾಕೋಬನ ಪತ್ರದ ಐದನೆಯ ಅಧ್ಯಾಯವನ್ನು, 14ರಿಂದ 16ರವರೆಗಿನ ವಚನಗಳನ್ನು. ಹಾಗಾದರೆ ನಾವೂ ಅಲ್ಲಿಂದಲೇ ಆರಂಭಿಸೋಣ. ಅವಸರವಿಲ್ಲದೆ ಓದಿದರೆ ಆ ಮೂರು ವಚನಗಳು ನಿಮ್ಮ ಅಕ್ಕನವರ ಪರವಾಗಿಯೇ ಮಾತನಾಡುತ್ತವೆ.

ಮೊದಲನೆಯದಾಗಿ, ಅಲ್ಲಿ ಸಭೆಯ ಹಿರಿಯರನ್ನು ಕರೆಸುವವನು ರೋಗಿ. ಅವನು ಇದ್ದಲ್ಲಿಗೆ ಹಿರಿಯರು ಬರುತ್ತಾರೆ. ಅವನನ್ನು ವೇದಿಕೆಗೆ ಕರೆದೊಯ್ದು ನಿಲ್ಲಿಸುವ ಮಾತೇ ಅಲ್ಲಿಲ್ಲ. ಎರಡನೆಯದಾಗಿ, ರೋಗಿಯನ್ನು ರಕ್ಷಿಸುವುದೆಂದು ಯಾಕೋಬನು ಹೇಳುವ ‘ನಂಬಿಕೆಯ ಪ್ರಾರ್ಥನೆ’ಯನ್ನು ಮಾಡುವವರು ಎಣ್ಣೆ ಹಚ್ಚಲು ಬಂದ ಹಿರಿಯರು. ಹಾಸಿಗೆ ಹಿಡಿದವನ ನಂಬಿಕೆ ಎಷ್ಟಿದೆಯೆಂದು ಯಾರೂ ಅಳೆಯುವುದಿಲ್ಲ. ಆದ್ದರಿಂದ ಪ್ರಾರ್ಥನೆಯ ನಂತರವೂ ರೋಗ ಉಳಿದರೆ, ಕೊರತೆಯನ್ನು ರೋಗಿಯ ತಲೆಯ ಮೇಲೆ ಹೊರಿಸಲು ಈ ವಾಕ್ಯದಲ್ಲಿ ಎಡೆಯೇ ಇಲ್ಲ. ಮೂರನೆಯದಾಗಿ, ಪಾಪದ ವಿಷಯ ಬರುವಾಗ ಯಾಕೋಬನು ಬರೆಯುವುದು ‘ಅವನು ಪಾಪಮಾಡಿದವನಾಗಿದ್ದರೆ’ ಎಂಬ ಷರತ್ತಿನೊಡನೆ. ಎಲ್ಲ ರೋಗದ ಹಿಂದೆಯೂ ಪಾಪವಿದೆ ಎಂಬುದು ಅವನ ಅಭಿಪ್ರಾಯವಾಗಿದ್ದರೆ ಆ ಷರತ್ತಿನ ಅಗತ್ಯವೇ ಇರಲಿಲ್ಲ.

ಇನ್ನು ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು 16ನೆಯ ವಚನ. ಪಾಪಗಳನ್ನು ಅರಿಕೆಮಾಡಿರಿ ಎಂಬ ಆಜ್ಞೆ ಅಲ್ಲಿ ರೋಗಿಯೊಬ್ಬನಿಗೆ ಕೊಟ್ಟದ್ದಲ್ಲ; ಒಬ್ಬರಿಗೊಬ್ಬರು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕೆಂದು ಇಡೀ ಸಭೆಗೆ ಕೊಟ್ಟದ್ದು. ಪ್ರಾರ್ಥಿಸಲು ಬಂದವನೂ ತನ್ನ ಪಾಪವನ್ನು ಹೇಳಿಕೊಳ್ಳಬೇಕು. ನಿಮ್ಮ ಅಕ್ಕನವರು ಹೋದ ಕೂಟದಲ್ಲಿ ನಾಯಕರು ಎಂದಾದರೂ ತಮ್ಮ ಪಾಪವನ್ನು ಅವರ ಮುಂದೆ ಅರಿಕೆಮಾಡಿದ್ದರೇ ಎಂದು ಕೇಳಿ ನೋಡಿ. ಮಾಡಿರದಿದ್ದರೆ ಅಲ್ಲಿ ನಡೆದದ್ದು ಯಾಕೋಬನು ಹೇಳಿದ ಅರಿಕೆಯಲ್ಲ, ಅದು ವಿಚಾರಣೆ.

ಪಾಪಕ್ಕೂ ರೋಗಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ, ಮಾಳಿಗೆಯನ್ನು ತೆರೆದು ಇಳಿಸಿದ ಪಾರ್ಶ್ವವಾಯು ರೋಗಿಗೆ ಯೇಸು ಮೊದಲು ಹೇಳಿದ್ದು ಪಾಪಕ್ಷಮೆಯ ಮಾತು, ಆಮೇಲೆ ಎದ್ದು ನಡೆ ಎಂಬ ಮಾತು. ಆದರೆ ಆ ಮನುಷ್ಯನು ಯಾವ ಪಾಪದ ಪಟ್ಟಿಯನ್ನೂ ಒಪ್ಪಿಸಿರಲಿಲ್ಲ. ಅಲ್ಲಿ ಯೇಸು ಕಂಡದ್ದು ಅವನನ್ನು ಹೊತ್ತು ತಂದ ಸ್ನೇಹಿತರ ನಂಬಿಕೆಯನ್ನೂ ಸೇರಿಸಿ, ‘ಅವರ ನಂಬಿಕೆ’ಯನ್ನು. ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು, “ಯಾರು ಪಾಪಮಾಡಿದರು, ಇವನೋ ಇವನ ತಂದೆತಾಯಿಗಳೋ?” ಎಂದು ಶಿಷ್ಯರು ಕೇಳಿದಾಗ, ಯೇಸು ಎರಡನ್ನೂ ತಳ್ಳಿಹಾಕಿದನು. ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಲ್ಲವೆಂದು ಲೂಕನ 13ನೆಯ ಅಧ್ಯಾಯದಲ್ಲಿದೆ. ಯೋಬನ ಸ್ನೇಹಿತರು ಬೂದಿಯಲ್ಲಿ ಕುಳಿತವನ ಮುಂದೆ ಹಿಡಿದ ಹಟವೂ ಇದೇ, ಗುಪ್ತಪಾಪವನ್ನು ಒಪ್ಪಿಕೋ ಎಂಬುದು. ಗ್ರಂಥದ ಕೊನೆಯಲ್ಲಿ ದೇವರ ಕೋಪ ಉರಿದದ್ದು ಆ ಸ್ನೇಹಿತರ ಮೇಲೆ, ಅವರಿಗಾಗಿ ಪ್ರಾರ್ಥಿಸಬೇಕಾಗಿ ಬಂದದ್ದು ಯೋಬನಿಗೆ.

ಕೀರ್ತನೆ 32ರಲ್ಲಿ, ಪಾಪವನ್ನು ಅರಿಕೆಮಾಡದೆ ಇದ್ದಾಗ ಎಲುಬುಗಳೇ ಸವೆದುಹೋದವು ಎಂಬ ಮಾತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಅದನ್ನು ಹಾಡುವವನು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಅದೇ ಮಾತನ್ನು ಇನ್ನೊಬ್ಬರ ಎಲುಬಿನ ನೋವಿಗೆ ಅನ್ವಯಿಸುವ ಅಧಿಕಾರವನ್ನು ಆ ಕೀರ್ತನೆ ಯಾರಿಗೂ ಕೊಡುವುದಿಲ್ಲ.

ಧರ್ಮೋಪದೇಶಿ, ಮಂಗಳೂರು

ಸಭಾಪಾಲಕರ ವಿವರಣೆಗೆ ಕಥೋಲಿಕ ಪರಂಪರೆಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಭಾವನವರಿಗೂ ಉಪಯೋಗವಾಗಬಹುದು.

ಪಾಪನಿವೇದನೆಯನ್ನು ನ್ಯಾಯಾಲಯದಂತೆ ಕಾಣುವ ಭಾಷೆಯೂ ಚಿಕಿತ್ಸೆಯಂತೆ ಕಾಣುವ ಭಾಷೆಯೂ ನಮ್ಮಲ್ಲಿ ಬಹುಕಾಲದಿಂದ ಒಟ್ಟಿಗೇ ಬಂದಿವೆ. ಆರಂಭದ ಶತಮಾನಗಳಲ್ಲಿ ಘೋರ ಪಾಪಗಳಿಗೆ ಸಭೆಯ ಮುಂದೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ಗುರುವಿನ (ಪಾದ್ರಿಯ) ಬಳಿ ಏಕಾಂತದಲ್ಲಿ, ಮತ್ತೆ ಮತ್ತೆ ನಿವೇದಿಸುವ ಪದ್ಧತಿಯನ್ನು ಯೂರೋಪಿನಲ್ಲಿ ಹರಡಿದವರು 6 ಮತ್ತು 7ನೆಯ ಶತಮಾನಗಳ ಐರಿಷ್ ಸನ್ಯಾಸಿಗಳು. ಅವರು ಬರೆದಿಟ್ಟ ಪ್ರಾಯಶ್ಚಿತ್ತ ಕೈಪಿಡಿಗಳಲ್ಲಿ ನಿವೇದನೆ ಕೇಳುವವನು ಆತ್ಮಗಳ ವೈದ್ಯ. ಕೋಪಕ್ಕೆ ಸೌಮ್ಯತೆ, ಲೋಭಕ್ಕೆ ದಾನ ಎಂಬಂತೆ ಒಂದು ದುರ್ಗುಣಕ್ಕೆ ಅದರ ವಿರುದ್ಧ ಗುಣವೇ ಮದ್ದು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ ತಂದದ್ದು ಬಹಳ ಮಂದಿಗೆ ಗೊತ್ತು. ಅದರ ಮುಂದಿನ ನಿಯಮ ಅಷ್ಟಾಗಿ ಗೊತ್ತಿಲ್ಲ: ವೈದ್ಯನು ರೋಗಿಯ ಬಳಿ ಹೋದ ಕೂಡಲೇ ಆತ್ಮದ ವೈದ್ಯನನ್ನೂ ಕರೆಸಿಕೊಳ್ಳುವಂತೆ ಅವನಿಗೆ ಹೇಳಬೇಕು ಎಂದು ಅದು ವಿಧಿಸಿತು. ರೋಗವು ಕೆಲವೊಮ್ಮೆ ಪಾಪದಿಂದ ಬರಬಹುದೆಂಬುದು ಅದು ಕೊಟ್ಟ ಒಂದು ಕಾರಣ. ಅದನ್ನು ನಾನು ಮುಚ್ಚಿಡುವುದಿಲ್ಲ. ಇನ್ನೊಂದು ಕಾರಣ ಮಾತ್ರ ಬಹಳ ಕರುಣೆಯದು. ಕಾಯಿಲೆ ಉಲ್ಬಣಿಸಿದ ಮೇಲೆ ಗುರುಗಳನ್ನು ಕರೆಸಿರೆಂದರೆ ರೋಗಿ ಹತಾಶನಾಗಿ ಸಾವಿಗೆ ಇನ್ನಷ್ಟು ಹತ್ತಿರವಾಗುತ್ತಾನೆ, ಆದ್ದರಿಂದ ಆರಂಭದಲ್ಲಿಯೇ ಹೇಳಿ ಎಂಬುದು. ಮನಸ್ಸು ಕುಗ್ಗಿದರೆ ದೇಹವೂ ಕುಗ್ಗುತ್ತದೆಂದು ಬಲ್ಲವರು ಬರೆದ ನಿಯಮ ಅದು.

ರೋಗಿಗಳ ಅಭ್ಯಂಗದ, ಅಂದರೆ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರದ, ವಿಷಯದಲ್ಲಿಯೂ ಒಂದು ತಿದ್ದುಪಡಿ ಅಗತ್ಯವಿದೆ. ನಮ್ಮ ಹಿರಿಯರು ಅದನ್ನು ಅಂತ್ಯಾಭ್ಯಂಗವೆಂದು ಕರೆದು, ಗುರುಗಳು ಎಣ್ಣೆ ತಂದರೆಂದರೆ ಮುಗಿಯಿತೆಂದು ಅಳುತ್ತಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಸೂಕ್ತವೆಂದಿತು, 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು (ಪೋಪ್) ಅದರ ವಿಧಿಯನ್ನು ಪರಿಷ್ಕರಿಸಿದರು. ಈಗ ಹಣೆ ಮತ್ತು ಅಂಗೈಗಳಿಗೆ ಎಣ್ಣೆ ಹಚ್ಚುತ್ತಾರೆ, ಕಾಯಿಲೆ ಮರುಕಳಿಸಿದರೆ ಅಥವಾ ಹೆಚ್ಚಾದರೆ ಮತ್ತೆ ಕೊಡಬಹುದು, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳಿ ಪಡೆಯಬಹುದು. 1992ರ ಧರ್ಮೋಪದೇಶ ಗ್ರಂಥವು ಪಾಪನಿವೇದನೆಯನ್ನೂ ಅಭ್ಯಂಗವನ್ನೂ ಸ್ವಸ್ಥತೆಯ ಸಂಸ್ಕಾರಗಳೆಂದು ಒಂದೇ ಅಧ್ಯಾಯದಲ್ಲಿ ಇಟ್ಟಿದೆ.

ನಿಮ್ಮ ಅಕ್ಕನವರಿಗೆ ಆದದ್ದಕ್ಕೆ ನೇರವಾಗಿ ಸಂಬಂಧಿಸಿದ ಮೂರು ರಕ್ಷಣೆಗಳು ನಮ್ಮ ಶಾಸನದಲ್ಲಿವೆ. ನಿವೇದನೆ ಕೇಳುವ ಗುರು ಪ್ರಶ್ನೆ ಕೇಳುವಾಗ ವಿವೇಕದಿಂದಲೂ ಎದುರಿಗಿರುವವರ ವಯಸ್ಸು ಮತ್ತು ಸ್ಥಿತಿಯನ್ನು ಗಮನಿಸಿಯೂ ಕೇಳಬೇಕು. ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆಡಹಬಾರದು. ಆ ಗುಟ್ಟಿನ ಮುದ್ರೆಯನ್ನು ನೇರವಾಗಿ ಮುರಿದ ಗುರುವಿಗೆ ಸಭಾಬಹಿಷ್ಕಾರ ತಾನಾಗಿಯೇ ತಗಲುತ್ತದೆ. ಮೂರನೆಯದು, 2000ನೆಯ ಇಸವಿಯಲ್ಲಿ ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪೀಠವು ಸ್ವಸ್ಥತೆಯ ಪ್ರಾರ್ಥನೆಗಳಿಗಾಗಿ ಹೊರಡಿಸಿದ ಸೂಚನೆ: ಅಂತಹ ಕೂಟಗಳಲ್ಲಿ ಉನ್ಮಾದಕ್ಕೂ ನಾಟಕೀಯತೆಗೂ ರೋಚಕತೆಗೂ ಅವಕಾಶ ಕೊಡಬಾರದೆಂದು ಅದು ಸ್ಪಷ್ಟವಾಗಿ ಹೇಳಿದೆ. ಎಲ್ಲರ ಮುಂದೆ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿ ನಿನ್ನಲ್ಲಿ ಪಾಪವಿದೆ ಎನ್ನುವುದು ಈ ಮೂರರಲ್ಲಿ ಯಾವುದಕ್ಕೂ ಸರಿಹೊಂದುವುದಿಲ್ಲ.

‘ಒಬ್ಬರಿಗೊಬ್ಬರು’ ಎಂಬ ಮಾತಿನ ಬಗ್ಗೆ: ನಮ್ಮಲ್ಲಿ ನಿವೇದನೆ ಕೇಳುವ ಗುರುವೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಬೇಕು. 2014ರ ಮಾರ್ಚಿನಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರೂ ನೋಡುತ್ತಿದ್ದಂತೆಯೇ ಸಾಮಾನ್ಯ ಗುರುವೊಬ್ಬರ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದರು.

ಚಿನ್ನದ ಗಣಿಯ ವಿಶ್ವಾಸಿ

ಕರ್ತನ ನಾಮದಲ್ಲಿ ವಂದನೆಗಳು. ನಾನು ಪೆಂತೆಕೋಸ್ತ ಸಭೆಯವನು. ಸ್ವಸ್ಥತೆಯ ಪ್ರಾರ್ಥನೆಯೆಂದರೆ ಇಂತಹ ಕೂಟಗಳೇ ಎಂಬ ಭಾವನೆ ಓದುವವರಲ್ಲಿ ಉಳಿಯಬಾರದೆಂದು ಬರೆಯುತ್ತಿದ್ದೇನೆ. ದೇವರು ಇಂದಿಗೂ ರೋಗಗಳನ್ನು ವಾಸಿಮಾಡುತ್ತಾನೆಂದು ನಾನು ನಂಬುತ್ತೇನೆ, ಅದಕ್ಕಾಗಿ ಉಪವಾಸವಿದ್ದು ಪ್ರಾರ್ಥಿಸುತ್ತೇನೆ. ನಮ್ಮ ಪಾಸ್ಟರ್ ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗಿ ಸರದಿಯಲ್ಲಿ ಕುಳಿತಿರುವುದನ್ನು ನೋಡಿದ್ದೇನೆ.

ಪಾಪದ ಅರಿಕೆಯಿಂದ ಒಂದು ಸಮೂಹವೇ ಹೇಗೆ ಬದಲಾಗಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ ಬಾಲವಿಧವೆಯರೂ ಬರಗಾಲದಲ್ಲಿ ಅನಾಥರಾದ ಹುಡುಗಿಯರೂ ಆಶ್ರಯ ಪಡೆದಿದ್ದರು. 1905ರಲ್ಲಿ ಅಲ್ಲಿ ಆರಂಭವಾದ ಉಜ್ಜೀವನದಲ್ಲಿ (ಆತ್ಮಿಕ ಜಾಗೃತಿಯಲ್ಲಿ) ಹುಡುಗಿಯರು ತಾವಾಗಿಯೇ ಅತ್ತು, ಪಾಪಗಳನ್ನು ಅರಿಕೆಮಾಡಿ, ಗುಂಪು ಗುಂಪಾಗಿ ಪ್ರಾರ್ಥಿಸಿದರು. ಲೋಕದ ಪೆಂತೆಕೋಸ್ತ ಚರಿತ್ರೆಯಲ್ಲಿ ಅಮೆರಿಕದ ಅಜುಸಾ ಬೀದಿಯ 1906ರ ಕೂಟಗಳ ಜೊತೆಗೆ ಇದನ್ನೂ ಹೇಳುತ್ತಾರೆ. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಅದಾದ ಮೇಲೂ ಮುಕ್ತಿಯಲ್ಲಿ ಶಾಲೆ, ನೇಯ್ಗೆ, ಮುದ್ರಣಾಲಯ, ರೋಗಿಗಳ ಆರೈಕೆ ಯಾವುದೂ ನಿಲ್ಲಲಿಲ್ಲ. ಇಂಗ್ಲೆಂಡಿಗೆ ವೈದ್ಯಕೀಯ ಓದಲು ಹೋಗಿದ್ದ ರಮಾಬಾಯಿಯವರಿಗೆ ಹೆಚ್ಚುತ್ತಿದ್ದ ಕಿವುಡುತನದಿಂದಾಗಿ ಆ ಓದು ಸಾಧ್ಯವಾಗಿರಲಿಲ್ಲ. ಅಷ್ಟು ಪ್ರಾರ್ಥಿಸಿದ, ಅಷ್ಟು ಜನರನ್ನು ಎತ್ತಿ ನಿಲ್ಲಿಸಿದ ಆ ತಾಯಿಯ ಕಿವಿಯ ತೊಂದರೆಯನ್ನು ಗುಪ್ತಪಾಪದ ಗುರುತೆಂದು ಹೇಳುವ ಧೈರ್ಯ ಯಾರಿಗಿದೆ?

ಪೌಲನೂ ತನ್ನ ಶರೀರದಲ್ಲಿದ್ದ ಶೂಲ ತೊಲಗಲೆಂದು ಮೂರು ಸಾರಿ ಬೇಡಿಕೊಂಡನು. ಅವನಿಗೆ ಬಂದ ಉತ್ತರ ಕೃಪೆ ಸಾಕು ಎಂಬುದು; ಇನ್ನೊಂದು ಪಾಪವನ್ನು ಹುಡುಕು ಎಂಬುದಲ್ಲ.

ನರ್ಸ್, ಮನೋರೋಗ ವಿಭಾಗ, ಬೆಂಗಳೂರು

ಮೊದಲು ಔಷಧದ ವಿಷಯ, ಏಕೆಂದರೆ ಅದು ತುರ್ತಿನದು. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ದಾಳಿ ಮಾಡುತ್ತದೆ. ಮೆಥೊಟ್ರೆಕ್ಸೇಟ್‌ನಂತಹ ಔಷಧಗಳು ಆ ದಾಳಿಯನ್ನು ತಗ್ಗಿಸುತ್ತವೆ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ರೋಗ ಮತ್ತೆ ಕೆರಳಬಹುದು, ಒಮ್ಮೆ ಸವೆದ ಮೂಳೆ ಆಮೇಲೆ ಮೊದಲಿನಂತಾಗುವುದಿಲ್ಲ. ದಯವಿಟ್ಟು ಒಂದು ಮಾತ್ರೆಯೂ ತಪ್ಪದಂತೆ ನೋಡಿಕೊಳ್ಳಿ.

ಎರಡನೆಯದು, ನಿಮ್ಮ ಅಕ್ಕನವರ ನಿದ್ದೆಯಿಲ್ಲದ ರಾತ್ರಿಗಳು. ಎಷ್ಟು ಬರೆದರೂ, ಎಷ್ಟು ಅರಿಕೆಮಾಡಿದರೂ ಇನ್ನೇನೋ ಬಾಕಿಯಿದೆ ಎಂಬ ತಳಮಳವನ್ನು ಕ್ರೈಸ್ತ ಗುರುಗಳು ನೂರಾರು ವರ್ಷಗಳಿಂದ ಬಲ್ಲರು; ನಾವು ಅದನ್ನು ಗೀಳು ಮನೋರೋಗದ ಒಂದು ರೂಪವಾಗಿಯೂ ಕಾಣುತ್ತೇವೆ. ನಿಮ್ಮ ಅಕ್ಕನವರಿಗೆ ಅದೇ ಆಗಿದೆಯೆಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಎರಡು ವಾರ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ತಪ್ಪುತ್ತಿದ್ದರೆ, ಬದುಕಿ ಪ್ರಯೋಜನವಿಲ್ಲವೆಂಬ ಮಾತು ಬಂದರೆ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಇದಕ್ಕೆ ಚಿಕಿತ್ಸೆಯಿದೆ, ಅದರಿಂದ ನಂಬಿಕೆಗೆ ಕುಂದಿಲ್ಲ.

ಪ್ರಾರ್ಥನೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆಂದು ಯಾರಾದರೂ ಕೇಳುವ ಮೊದಲೇ ಬರೆದುಬಿಡುತ್ತೇನೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದಷ್ಟೇ ತಿಳಿದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ನಡೆದ ಗುಂಪಿನ ಶೇ. 52 ಮಂದಿಗೂ ನಡೆಯದ ಗುಂಪಿನ ಶೇ. 51 ಮಂದಿಗೂ ತೊಡಕುಗಳು ಕಾಣಿಸಿಕೊಂಡವು. ತಮಗಾಗಿ ಖಂಡಿತವಾಗಿಯೂ ಪ್ರಾರ್ಥಿಸುತ್ತಿದ್ದಾರೆಂದು ತಿಳಿದಿದ್ದ ಮೂರನೆಯ ಗುಂಪಿನಲ್ಲಿ ಅದು ಶೇ. 59. ಈ ಕೊನೆಯ ಅಂಕಿಗೆ ಕಾರಣ ಖಚಿತವಾಗಲಿಲ್ಲ. ಗುಣವಾಗಲೇಬೇಕೆಂಬ ಒತ್ತಡವೇ ರೋಗಿಯ ಮೇಲೆ ಬಿದ್ದಿರಬಹುದೆಂಬ ಊಹೆಯನ್ನು ಸಂಶೋಧಕರಲ್ಲಿ ಕೆಲವರು ಮುಂದಿಟ್ಟರು. ನಿಮ್ಮ ಅಕ್ಕನವರ ಕಥೆ ಓದುವಾಗ ಅದೇ ನೆನಪಾಯಿತು. ಇದರಿಂದ ಪ್ರಾರ್ಥನೆ ವ್ಯರ್ಥವೆಂದು ತೀರ್ಮಾನಿಸಲೂ ಆಗದು. ಅಲ್ಲಿ ಪ್ರಾರ್ಥಿಸಿದವರು ರೋಗಿಯ ಮುಖವನ್ನೇ ಕಾಣದ ಅಪರಿಚಿತರು. ಹಾಸಿಗೆಯ ಪಕ್ಕದಲ್ಲಿ ಕೈಹಿಡಿದು ಕುಳಿತವರ ಪ್ರಾರ್ಥನೆಯನ್ನು ಆ ಅಧ್ಯಯನ ಅಳೆಯಲು ಹೊರಟೇ ಇರಲಿಲ್ಲ.

ಒಳಗಿನ ಭಾರವನ್ನು ಹೊರಗೆ ಹೇಳಿಕೊಳ್ಳುವುದರ ಬಗ್ಗೆಯೂ ಅಧ್ಯಯನಗಳಿವೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾರಿಗೂ ಹೇಳದ ನೋವಿನ ಅನುಭವಗಳನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ ಬರೆದ ವಿದ್ಯಾರ್ಥಿಗಳು ಬರೆದ ಕೂಡಲೇ ಹೆಚ್ಚು ಖಿನ್ನರಾಗಿ ಕಂಡರೂ, ಮುಂದಿನ ಆರು ತಿಂಗಳಲ್ಲಿ ಅನಾರೋಗ್ಯಕ್ಕಾಗಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಗಮನಿಸಿ: ಅಲ್ಲಿ ಏನು ಬರೆಯಬೇಕೆಂದು ಆರಿಸಿಕೊಂಡವರು ಬರೆಯುವವರೇ, ಅದಕ್ಕೆ ಆರಂಭವೂ ಇತ್ತು, ಮುಕ್ತಾಯವೂ ಇತ್ತು. ನಿಮ್ಮ ಅಕ್ಕನವರ ಪುಸ್ತಕಕ್ಕೆ ಮುಕ್ತಾಯವೇ ಇಲ್ಲ.

ಧರ್ಮೋಪದೇಶಿ, ಮಂಗಳೂರು

ಸಿಸ್ಟರ್ ಹೇಳಿದ ಆ ತಳಮಳದ ಬಗ್ಗೆ ಇನ್ನೊಂದು ಮಾತು. ಅದನ್ನು ಅನುಭವಿಸಿದವರಲ್ಲಿ ಯೇಸುಸಭೆಯ ಸ್ಥಾಪಕರಾದ ನಮ್ಮ ಸಂತ ಇಗ್ನಾಸಿಯವರೇ ಇದ್ದಾರೆ. 1522ರಲ್ಲಿ ಸ್ಪೇನಿನ ಮೊನ್ಸೆರಾಟ್‌ನಲ್ಲಿ ಮೂರು ದಿನ ತೆಗೆದುಕೊಂಡು, ಬರೆದಿಟ್ಟುಕೊಂಡು, ಇಡೀ ಜೀವನದ ಪಾಪನಿವೇದನೆ ಮಾಡಿದ ಮೇಲೂ ಮನ್ರೇಸಾದಲ್ಲಿ ಅವರಿಗೆ ಏನೋ ಬಿಟ್ಟುಹೋಗಿದೆ ಎಂಬ ಸಂಶಯ ಕಾಡಿತು. ಮತ್ತೆ ಮತ್ತೆ ನಿವೇದಿಸಿದರು, ಉಪವಾಸ ಮಾಡಿದರು, ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಸ್ಪಷ್ಟವಾದ ಪಾಪವಿದ್ದರೆ ಮಾತ್ರ ಹಳೆಯದನ್ನು ಹೇಳು ಎಂದು ಅವರ ನಿವೇದನೆ ಕೇಳುತ್ತಿದ್ದ ಗುರು ಹೇಳಿದರೂ, ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕೊನೆಗೆ, ಈ ಹುಡುಕಾಟ ದೇವರಿಂದ ಬಂದದ್ದಲ್ಲವೆಂದು ಮನಗಂಡು, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದ ಮೇಲೆ ಬಿಡುಗಡೆ ಸಿಕ್ಕಿತು. ಅರಿಕೆಯನ್ನು ನಿಲ್ಲಿಸುವುದೇ ಸ್ವಸ್ಥತೆಯಾಗುವ ಸಂದರ್ಭವೂ ಇದೆ ಎಂಬುದನ್ನು ನಿಮ್ಮ ಅಕ್ಕನವರಿಗೆ ತಿಳಿಸಿ.

ಸಭಾಪಾಲಕ, ಧಾರವಾಡ

ಅದೇ ಕಾಲದಲ್ಲಿ, ಅದೇ ಬೇಗುದಿಯಲ್ಲಿ ಇನ್ನೊಬ್ಬ ಸನ್ಯಾಸಿಯೂ ಇದ್ದನು. ಮುಂದೆ ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ತನ್ನ ಹಿರಿಯರಾದ ಸ್ಟೌಪಿಟ್ಸ್‌ರ ಬಳಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದನು. ತನ್ನೊಳಗನ್ನು ಅಗೆಯುವುದನ್ನು ಬಿಟ್ಟು ಕ್ರಿಸ್ತನ ಗಾಯಗಳ ಕಡೆಗೆ ನೋಡು ಎಂಬುದು ಸ್ಟೌಪಿಟ್ಸ್‌ರ ಬುದ್ಧಿವಾದ. ಎರಡು ಬೇರೆ ದಾರಿ ಹಿಡಿದ ಇಬ್ಬರಿಗೂ ಒಂದೇ ಮದ್ದು ಸಿಕ್ಕಿದ್ದು ನನ್ನನ್ನು ಬಹಳ ಕಾಲದಿಂದ ಯೋಚನೆಗೆ ಹಚ್ಚಿದೆ.

ಹೇಮಾವತಿ ತೀರ

ನಿಮ್ಮೆಲ್ಲರಿಗೂ ಋಣಿ. ಇಗ್ನಾಸಿಯವರ ಮತ್ತು ಲೂಥರನ ವಿಷಯವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದ್ದು ಇದು: ಪುಸ್ತಕದಲ್ಲಿ ಬರೆದದ್ದರಲ್ಲಿ ಬಹುಪಾಲು ಭಯದಿಂದ ಬರೆದದ್ದಂತೆ, ಆದರೆ ಒಂದು ನಿಜವಂತೆ. ಆಸ್ತಿಯ ಪಾಲಿನ ವಿಷಯದಲ್ಲಿ ಅವಳು ತನ್ನ ನಾದಿನಿಯ ಮೇಲೆ ಸುಳ್ಳು ಹೇಳಿದ್ದಾಳೆ, ಅದರಿಂದ ಆ ಮನೆಯ ಮಾತುಕತೆ ನಿಂತುಹೋಗಿದೆ. ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅದನ್ನು ಅರಿಕೆಮಾಡಬೇಕೆಂಬ ಆಸೆ ಅವಳಿಗಿದೆ. ಆದರೆ ನಮ್ಮ ಸಭೆಯಲ್ಲಿ ಆರಾಧನೆಯ ಆರಂಭದಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ಅರಿಕೆಯನ್ನು ಬಿಟ್ಟರೆ ಬೇರೆ ಪದ್ಧತಿ ನನಗೆ ತಿಳಿದಿಲ್ಲ. ಇದನ್ನು ಅರಿಕೆಮಾಡಿದರೆ ನೋವು ಹೋಗುತ್ತದೆಯೇ ಎಂದೂ ಕೇಳುತ್ತಾಳೆ.

ಶಿವಮೊಗ್ಗದ ಓದುಗಿ

ಉತ್ತರ ಕೊಡುವವರು ಒಂದು ವಿಷಯವನ್ನು ಮರೆಯಬಾರದೆಂದು ಬರೆಯುತ್ತಿದ್ದೇನೆ. 2018ರಲ್ಲಿ ಕೇರಳದಲ್ಲಿ, ಪಾಪನಿವೇದನೆಯಲ್ಲಿ ಹೇಳಿದ್ದನ್ನೇ ಬಳಸಿ ಮಹಿಳೆಯೊಬ್ಬರನ್ನು ಶೋಷಿಸಿದರೆಂಬ ಆರೋಪ ಬಂದಾಗ, ರಾಷ್ಟ್ರೀಯ ಮಹಿಳಾ ಆಯೋಗವು ಆ ಪದ್ಧತಿಯನ್ನೇ ರದ್ದುಮಾಡಬೇಕೆಂದು ಶಿಫಾರಸು ಮಾಡಿತು. ಸಭೆಗಳು ಅದನ್ನು ತೀವ್ರವಾಗಿ ವಿರೋಧಿಸಿದವು. ರದ್ದುಮಾಡಬೇಕೆಂದು ನನಗೂ ಅನ್ನಿಸುವುದಿಲ್ಲ. ಆದರೆ ಹೆಣ್ಣುಮಕ್ಕಳು ತಮ್ಮ ಗುಟ್ಟನ್ನು ಅಧಿಕಾರವುಳ್ಳ ಗಂಡಸೊಬ್ಬನ ಕೈಗೆ ಒಪ್ಪಿಸುವಾಗ ಇರುವ ಭಯ ಕಲ್ಪಿತವಲ್ಲ. ನಾದಿನಿಯ ವಿಷಯವನ್ನು ಆ ಪ್ರಾರ್ಥನಾ ಕೂಟದಲ್ಲಿ ಮಾತ್ರ ದಯವಿಟ್ಟು ಹೇಳುವುದು ಬೇಡ. ಒಮ್ಮೆ ಮೈಕಿನ ಮುಂದೆ ಹೇಳಿದ ಮಾತು ಮರಳಿ ಬರುವುದಿಲ್ಲ.

ಸಭಾಪಾಲಕ, ಧಾರವಾಡ

ಓದುಗಿಯವರ ಎಚ್ಚರಿಕೆ ಅಗತ್ಯವಾದದ್ದೇ. ನನ್ನ ಉತ್ತರವನ್ನು ಅದಕ್ಕೆ ಹೊಂದಿಸಿಯೇ ಬರೆಯುತ್ತೇನೆ.

ಸುಧಾರಣೆಯ ಸಭೆಗಳು ವೈಯಕ್ತಿಕ ಅರಿಕೆಯನ್ನು ಕಿತ್ತೆಸೆದವೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಲೂಥರನ ಸಭೆಗಳ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 11ನೆಯ ವಿಧಿ ಏಕಾಂತದ ಪಾಪಕ್ಷಮಾ ಘೋಷಣೆಯನ್ನು ಸಭೆಗಳಲ್ಲಿ ಉಳಿಸಿಕೊಳ್ಳಬೇಕೆಂದೂ, ಎಲ್ಲ ಪಾಪಗಳನ್ನೂ ಎಣಿಸಿ ಹೇಳುವುದು ಮಾತ್ರ ಅಗತ್ಯವಿಲ್ಲವೆಂದೂ ಹೇಳುತ್ತದೆ. ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿ 1738ರ ಡಿಸೆಂಬರಿನಲ್ಲಿ ತನ್ನ ಚಿಕ್ಕ ಗುಂಪುಗಳಿಗೆ ಬರೆದ ನಿಯಮಗಳು ಆರಂಭವಾಗುವುದೇ ಯಾಕೋಬನ ಆ 16ನೆಯ ವಚನದಿಂದ. ವಾರಕ್ಕೊಮ್ಮೆ ಸೇರುತ್ತಿದ್ದ ಆ ಗುಂಪುಗಳಲ್ಲಿ ಒಬ್ಬನು ಮೊದಲು ತನ್ನ ಸ್ಥಿತಿಯನ್ನು ತಾನೇ ಹೇಳಿಕೊಂಡು, ಆಮೇಲೆ ಉಳಿದವರನ್ನು ಕೇಳಬೇಕಾಗಿತ್ತು. ನಿನ್ನ ತಪ್ಪುಗಳನ್ನು ನಾವು ಹೇಳಬೇಕೆಂಬ ಇಚ್ಛೆ ನಿನಗಿದೆಯೇ ಎಂದು ಸೇರುವ ಮುನ್ನವೇ ಕೇಳಿ ಒಪ್ಪಿಗೆ ಪಡೆಯುತ್ತಿದ್ದರು. ಎರಡು ಶತಮಾನಗಳ ನಂತರ, 1935ರಿಂದ 1937ರವರೆಗೆ, ಜರ್ಮನಿಯ ಫಿಂಕನ್‌ವಾಲ್ಡೆಯಲ್ಲಿ ಸಭಾಪಾಲಕ ಡೀಟ್ರಿಚ್ ಬಾನ್‌ಹಾಫರ್ ನಡೆಸಿದ ಗುರುಮಠದಲ್ಲಿ ಈ ಪದ್ಧತಿಗೆ ಮತ್ತೆ ಜೀವ ಬಂತು. ತಾನು ಅರಿಕೆಮಾಡದವನು ಇನ್ನೊಬ್ಬರ ಅರಿಕೆಯನ್ನು ಕೇಳಬಾರದೆಂದು ಅವರು ಕಲಿಸಿದರು. ಸ್ವತಃ ತಮ್ಮ ಶಿಷ್ಯರೊಬ್ಬರ ಬಳಿ ಅರಿಕೆಮಾಡಿದರು. ಆ ಗುರುಮಠವನ್ನು ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊ ಮುಚ್ಚಿಸಿತು.

ಈಗ ನಿಮ್ಮ ಅಕ್ಕನವರ ಪ್ರಶ್ನೆಗೆ ಬರುತ್ತೇನೆ. ನೋವು ಹೋಗುತ್ತದೆಯೇ ಎಂದರೆ, ಹೋಗುತ್ತದೆಂದು ಮಾತುಕೊಡುವ ಅಧಿಕಾರ ನನಗಿಲ್ಲ. ಆ ಸುಳ್ಳಿನಿಂದಾಗಿ ಕೀಲು ಊದಿತೆಂದೂ ನಾನು ನಂಬುವುದಿಲ್ಲ. ಕೀಲಿನ ನೋವಿಗೂ ಆ ಸುಳ್ಳಿಗೂ ಇರುವ ಗಂಟನ್ನು ಮೊದಲು ಬಿಚ್ಚಬೇಕು, ಏಕೆಂದರೆ ಗುಣವಾಗಲೆಂದು ಮಾಡುವ ಅರಿಕೆ, ಗುಣವಾಗದ ದಿನ ಮತ್ತೆ ಭಯವಾಗಿ ತಿರುಗುತ್ತದೆ. ಸುಳ್ಳನ್ನು ಅರಿಕೆಮಾಡಬೇಕಾದದ್ದು ಅದು ಸುಳ್ಳಾಗಿರುವುದರಿಂದ ಮತ್ತು ಅದರಿಂದ ನಾದಿನಿಯವರಿಗೆ ಅನ್ಯಾಯವಾಗಿರುವುದರಿಂದ. ಸ್ವಸ್ಥವಾಗಬೇಕಾಗಿರುವುದು ಆ ಸಂಬಂಧ. ಯಜ್ಞವೇದಿಯ ಬಳಿ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ್ದಾನೆ. ಸುಳ್ಳಿನಿಂದ ನಾದಿನಿಯವರಿಗೆ ಪಾಲಿನಲ್ಲಿ ನಷ್ಟವಾಗಿದ್ದರೆ ಅದನ್ನು ಸರಿಪಡಿಸುವುದೂ ಅರಿಕೆಯ ಭಾಗವೇ. ಲೂಕನ ಸುವಾರ್ತೆಯ ಸುಂಕದವನಾದ ಜಕ್ಕಾಯನು ಮಾಡಿದ್ದೂ ಅದನ್ನೇ.

ಕ್ರಮ ಹೀಗಿರಲಿ. ಅಕ್ಕನವರು ತಾವೇ ನಂಬುವ ಒಬ್ಬರನ್ನು ಆರಿಸಿಕೊಳ್ಳಲಿ. ಅದು ನಿಮ್ಮ ಸಭಾಪಾಲಕರಾಗಬಹುದು, ಸ್ತ್ರೀ ಸಭಾಪಾಲಕರಿದ್ದರೆ ಅವರಾಗಬಹುದು, ಗುಟ್ಟು ಕಾಯುವ ಹಿರಿಯ ವಿಶ್ವಾಸಿ ಮಹಿಳೆಯೂ ಆಗಬಹುದು. ದೇವಾಲಯದಲ್ಲಿಯೋ, ಹೊರಗಿನವರಿಗೆ ಕಾಣುವಂತಹ ಆದರೆ ಕೇಳಿಸದಂತಹ ಜಾಗದಲ್ಲಿಯೋ ಕುಳಿತು, ಆ ಒಂದೇ ವಿಷಯವನ್ನು ಹೇಳಲಿ. ಪುಸ್ತಕವನ್ನು ಕೊಂಡೊಯ್ಯುವುದು ಬೇಡ. ಕೇಳುವವರು ಕ್ಷಮೆಯ ವಾಕ್ಯವನ್ನು, 1 ಯೋಹಾನ 1:9ನ್ನು, ಅಕ್ಕನವರ ಹೆಸರು ಹಿಡಿದು ಗಟ್ಟಿಯಾಗಿ ಓದಲಿ. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವುದೇ ಒಬ್ಬರೇ ಕುಳಿತು ಬರೆಯುವುದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ. ಅದಾದ ಮೇಲೆ ನಾದಿನಿಯವರ ಮನೆಗೆ ಹೋಗಲಿ. ಅವರು ಬಾಗಿಲು ತೆರೆಯದೆ ಇರಬಹುದು. ಹಾಗಾದರೂ ದೇವರ ಕ್ಷಮೆ ರದ್ದಾಗುವುದಿಲ್ಲ.

ಚಿನ್ನದ ಗಣಿಯ ವಿಶ್ವಾಸಿ

ಆಮೆನ್. ಆ ದಿನ ಯಾವುದೆಂದು ತಿಳಿಸಿದರೆ ನಮ್ಮ ಮನೆಯಲ್ಲಿ ಉಪವಾಸವಿದ್ದು ಪ್ರಾರ್ಥಿಸುತ್ತೇವೆ. ಕೀಲುನೋವಿಗಾಗಿಯೂ ಪ್ರಾರ್ಥಿಸುತ್ತೇವೆ, ಬೇಡುವುದನ್ನು ನಿಲ್ಲಿಸಬೇಕೆಂದು ಇಲ್ಲಿ ಯಾರೂ ಹೇಳಿಲ್ಲ.

ಹೇಮಾವತಿ ತೀರ

ಅಕ್ಕ ನಮ್ಮ ಹಳೆಯ ಭಾನುವಾರ ಶಾಲೆಯ ಟೀಚರಮ್ಮನವರನ್ನು ಆರಿಸಿಕೊಂಡಿದ್ದಾಳೆ, ಅವರು ಒಪ್ಪಿದ್ದಾರೆ. ಮಾತ್ರೆಗಳನ್ನು ಭಾವನವರು ನೋಡಿಕೊಳ್ಳುತ್ತಿದ್ದಾರೆ. ನಿದ್ದೆಯ ವಿಷಯಕ್ಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಅವಳು ಒಪ್ಪಿದ್ದಾಳೆ. ಇನ್ನೊಂದು ಪ್ರಶ್ನೆ ಉಳಿದಿದೆ: ಭಾವನವರ ಧರ್ಮಕೇಂದ್ರದ ಗುರುಗಳಿಂದ ಅವಳು ಅಭ್ಯಂಗ ಪಡೆಯಬಹುದೇ?

ಧರ್ಮೋಪದೇಶಿ, ಮಂಗಳೂರು

ಪ್ರೊಟೆಸ್ಟಂಟ್ ಸಭೆಯವರಿಗೆ ನಮ್ಮ ಅಭ್ಯಂಗ ಸಂಸ್ಕಾರವನ್ನು ಕೊಡಲು ಶಾಸನದಲ್ಲಿ ಬಹಳ ಕಟ್ಟುನಿಟ್ಟಾದ ಮಿತಿಗಳಿವೆ. ಪ್ರಾಣಾಪಾಯದಂತಹ ಸಂದರ್ಭದಲ್ಲಿ, ತಮ್ಮ ಸಭೆಯ ಸೇವಕರು ಸಿಗದಿದ್ದಾಗ, ಕೆಲವು ಷರತ್ತುಗಳೊಂದಿಗೆ ಮಾತ್ರ ಅವಕಾಶವಿದೆ. ಆದರೆ ರೋಗಿಗಾಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಆಶೀರ್ವದಿಸಲು ಅಂತಹ ಅಡ್ಡಿಯಿಲ್ಲ. ಭಾವನವರು ಗುರುಗಳ ಬಳಿ ಹೋಗಿ, ಮನೆಗೆ ಬಂದು ಪ್ರಾರ್ಥಿಸಬೇಕೆಂದು ಕೇಳಿಕೊಳ್ಳಲಿ. ಬರುವ ದಿನ ನಿಮ್ಮ ಸಭಾಪಾಲಕರನ್ನೂ ಕರೆಯಿರಿ. ಎಣ್ಣೆ ಹಚ್ಚುವುದನ್ನು ಅವರು ತಮ್ಮ ಸಭೆಯ ಕ್ರಮದಂತೆ ಮಾಡಬಹುದು, ನಮ್ಮ ಗುರುಗಳು ಜೊತೆಯಲ್ಲಿದ್ದು ಪ್ರಾರ್ಥಿಸಬಹುದು. ಒಂದು ಮಾತನ್ನು ಮಾತ್ರ ಇಬ್ಬರಿಗೂ ಮುಂಚಿತವಾಗಿ ತಿಳಿಸಿಬಿಡಿ: ಅಕ್ಕನವರ ಅರಿಕೆ ಆಗಲೇ ಆಗಿದೆ, ಆದ್ದರಿಂದ ಅಂದು ಅವರನ್ನು ಏನನ್ನೂ ಕೇಳುವುದು ಬೇಡ.